ಕುತಾಯಿಸಿಯ ಕಪ್ಪೆ

ಕಿರುನಾಲಿಗೆಯ ಹಿಂದೆ
ಒಂದು ಕಪ್ಪೆ ಕೂತಿದೆ ಅಂದುಕೋ,
ಅದನ್ನು ಹೊರಗೆ ಹಾರಿಸು
ಎನ್ನುತ್ತಿದ್ದಳು ತ್ಸಿತ್ಸಿನೋ, ಹುರುಳಿಕಾಯಿಯ ನಾರು ತೆಗೆಯುತ್ತ.
‘ಬಖಾಖಿ’ ಎಂದೆ. ಕೆಮ್ಮಿದೆ. ನೀರು ಕುಡಿದೆ.
ಜುಲೈ ಪೂರ್ತಿ ನನ್ನ ಕಪ್ಪೆ ಹಾರಲಿಲ್ಲ.

ಬೆಳಗ್ಗೆ ವಿಶ್ವವಿದ್ಯಾಲಯದಲ್ಲಿ ಕ್ರಿಯಾಪದಗಳು,
ಒಂದೊಂದಕ್ಕೂ ಗೂಡ್ಸ್ ಗಾಡಿಯಷ್ಟು ಬೋಗಿ.
ಮಧ್ಯಾಹ್ನ ಅವಳ ಅಡುಗೆಮನೆ;
ಗೋಡೆಯಲ್ಲಿ, ಮುಚ್ಚಿಹೋದ ಲಾರಿ ಕಾರ್ಖಾನೆಯ ಕ್ಯಾಲೆಂಡರು
ಎಂಬತ್ತೊಂಬತ್ತರ ಮೇ ತಿಂಗಳಲ್ಲೇ ನಿಂತಿತ್ತು.
ಯಾಕೆಂದು ಕೇಳುವಷ್ಟು ವ್ಯಾಕರಣ
ನನಗಿನ್ನೂ ಬಂದಿರಲಿಲ್ಲ.

ಸೇಡಿಗೆಂದು ನಾನೂ ಒಂದು ಕೊಟ್ಟೆ:
ನಾಲಿಗೆ ಮಡಿಸು, ಹೇಳು, ‘ನಾಳೆ’.
ಮಡಿಸಿದಳು, ಬೆರಳಲ್ಲಿ ಹಿಡಿದೂ ನೋಡಿದಳು.
ಬಂದದ್ದು ‘ನಾಲೆ’.
ಹಾಗೆಂದರೆ ನೀರು ಹರಿಯುವ ಕಾಲುವೆ ಎಂದೆ.
ಇರಲಿ, ನೀರು ಒಳ್ಳೆಯದೇ ಎಂದಳು,
ಮತ್ತೆ ಹುರುಳಿಕಾಯಿಗೆ ಕೈಹಾಕಿ.

ಪರೀಕ್ಷೆಯಲ್ಲಿ ಅಂತೂ ಪಾಸು.
ಆಗಸ್ಟಿನ ಕೊನೆಗೆ, ಮಿನಿಬಸ್ಸಿನ ಕಿಟಕಿಯೊಳಗೆ
ಬಿಸಿ ಚೀಸ್ ರೊಟ್ಟಿಯ ಪೊಟ್ಟಣ ತುರುಕಿ
ತನಗಿದ್ದ ಅಷ್ಟೇ ಕನ್ನಡದಲ್ಲಿ ಬೀಳ್ಕೊಟ್ಟಳು:
‘ನಾಲೆ.’

ತಿದ್ದಲಿಲ್ಲ.
ಡ್ರೈವರ್ ಹಾರ್ನ್ ಹೊಡೆದ.
ಎರಡು ಭಾಷೆಯಲ್ಲೂ ಏನೋ ಹೇಳಬೇಕೆಂದು ಬಾಯಿ ತೆರೆದರೆ
ಕಪ್ಪೆ
ಅಲ್ಲೇ ಕೂತಿತ್ತು.