ಗಾಜಿನ ಪಟ್ಟಿ

ಗೋಡೆಗೆ ಕಿವಿ ಇರುತ್ತದಂತೆ. ನಮ್ಮ ಅಂಗಳದ ಗೋಡೆಗೆ
ಬಾಯಿಯೂ ಇದೆ:
ನಲ್ಲಿಯ ಹತ್ತಿರ ಶುರುವಾಗಿ
ಮೂರನೇ ಮಹಡಿಯ ಮರದ ಮೊಗಸಾಲೆಯ ತನಕ
ಓರೆಯಾಗಿ ತೆರೆದುಕೊಂಡ ಬಿರುಕು.

ಕೆಳಗೆ ತ್ಬಿಲಿಸಿ ದಿನವಿಡೀ ಹಾರನ್ನು ಹೊಡೆಯುತ್ತದೆ.
ಸೊಲೊಲಾಕಿಯ ಏರು ಹತ್ತಿ, ಎರಡು ತಿರುವು ದಾಟಿ,
ಕಬ್ಬಿಣದ ಗೇಟು ತಳ್ಳಿದರೆ
ಸದ್ದು ಚಪ್ಪಲಿ ಕಳಚಿಟ್ಟು ಒಳಗೆ ಬರುತ್ತದೆ.
ದಾಳ ಉರುಳಿದ್ದು, ಯಾರೋ ಅಕ್ರೋಟು ಒಡೆದದ್ದು,
ಒಣಹಾಕಿದ ಜಮಖಾನ ಗಾಳಿಗೆ ಒಮ್ಮೆ ಕೆಮ್ಮಿದ್ದು,
ಅಷ್ಟೇ.

ಹೊಗೆಸೊಪ್ಪಿನ ವರ್ತಕನೊಬ್ಬ ಕಟ್ಟಿಸಿದ ಮನೆ.
ಹೊಸ್ತಿಲ ಕಲ್ಲಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಸ್ವಾಗತ;
ಅಕ್ಷರವೊಂದು ಕಿತ್ತು ಹೋಗಿದೆ, ಆದರೂ ಬರುತ್ತಾರೆ
ಕ್ಯಾಮೆರಾದವರು, ಬಾಯಿ ತೆರೆದು ಕತ್ತೆತ್ತಿ ನಿಲ್ಲುವವರು.
ವರ್ತಕ ಓಡಿಹೋದ ಮೇಲೆ ಸರ್ಕಾರ
ಪಡಸಾಲೆಗೆ ಹಲಗೆ ಹೊಡೆದು ಪಾಲು ಮಾಡಿತು.
ಚಾವಣಿಯಲ್ಲಿ ಬರೆದಿದ್ದ ದೇವಕನ್ಯೆಯ
ರೆಕ್ಕೆ ತೈಮೂರಾಜನ ಅಡುಗೆಮನೆಯಲ್ಲಿ ಈರುಳ್ಳಿ ಹೊಗೆ ಕುಡಿಯುತ್ತದೆ,
ಪಾದ ಮಾತ್ರ ನನ್ನ ಪಾಲಿಗೆ, ಬಚ್ಚಲ ಮೇಲೆ.
ನಲವತ್ತು ವರ್ಷದಿಂದ ನೋಡುತ್ತಿದ್ದೇನೆ. ಕಿರುಬೆರಳು ಸೊಟ್ಟ.
ಮುಖ ಯಾರ ಪಾಲಿಗೂ ಬರಲಿಲ್ಲ,
ಅಲ್ಲೀಗ ಹಲಗೆಯ ದಪ್ಪ ಇದೆ.

ಏಪ್ರಿಲ್ಲಿನಲ್ಲಿ ನಗರಸಭೆಯ ಎಂಜಿನಿಯರ್ ಬಂದ, ಎಳೆ ಹುಡುಗ.
ಬಿರುಕಿಗೆ ಅಡ್ಡಲಾಗಿ ಬೆರಳುದ್ದದ ಗಾಜಿನ ಪಟ್ಟಿ ಇಟ್ಟು
ಎರಡೂ ತುದಿಗೆ ಗಾರೆ ಮೆತ್ತಿ
ತಾರೀಖು ಬರೆದ: ಹದಿನೇಳು.
ಒಡೆದರೆ ಫೋನು ಮಾಡಿ, ಅಂದ.
ಒಡೆದರೆ ಮನೆ ನಡೆಯುತ್ತಿದೆ ಎಂದು ಅರ್ಥ.
ನಡೆಯುವ ಮನೆಯಲ್ಲಿ ಯಾರೂ ಕೂರುವಂತಿಲ್ಲ.

ಆಮೇಲೆ ಬೆಳಗಾದರೆ ಏಳು ಸಂಸಾರದ ಬಿಂದಿಗೆಗಳು
ನಲ್ಲಿಗೆ ಬರುವ ಮೊದಲು ಗೋಡೆಗೆ ಬರುತ್ತಿದ್ದವು.
ತೈಮೂರಾಜ್ ಕನ್ನಡಕ ಏರಿಸಿ ಬಗ್ಗಿ ನೋಡಿ
‘ಇದೆ’ ಅನ್ನುತ್ತಿದ್ದ, ರೋಗಿಯ ನಾಡಿ ಬಿಟ್ಟವನ ಹಾಗೆ.

ಅಕ್ಟೋಬರಿನ ಒಂದು ರಾತ್ರಿ ನನಗೆ ಕೇಳಿಸಿತು.
ಚಿಟಿಕೆ ಹೊಡೆದಷ್ಟೇ ಸದ್ದು.
ಮೂವತ್ತೊಂದು ವರ್ಷ ರಂಗದ ಮುಂದಿನ ಗುಳಿಯಲ್ಲಿ ಕೂತು
ಮಾತು ಮರೆತವರಿಗೆ ಪಿಸುಗುಟ್ಟಿ ಬದುಕಿದವಳು ನಾನು,
ಇಂಥ ಸದ್ದು ನನಗೆ ತಪ್ಪುವುದಿಲ್ಲ.
ಕಿಟಕಿಗೆ ಬಂದೆ. ದೀಪ ಹಾಕಲಿಲ್ಲ.

ಕೆಳಗೆ ಅರ್ಶಲೂಯ್ಸ್, ಅಂಚೆಕಚೇರಿಯ ನಿವೃತ್ತ ಗುಮಾಸ್ತೆ,
ರಾತ್ರಿಯ ಅಂಗಿಯ ಮೇಲೆ ಗಂಡನ ಕೋಟು ತೊಟ್ಟು
ಮಂಡಿಯೂರಿದ್ದಳು.
ಹಲ್ಲಿನಲ್ಲಿ ಟಾರ್ಚು, ಬಟ್ಟಲಲ್ಲಿ ಕಲಸಿದ ಗಾರೆ.
ಒಡೆದ ಚೂರನ್ನು ಜೇಬಿಗೆ ಹಾಕಿ
ಹೊಸ ಪಟ್ಟಿ ಕೂರಿಸಿ
ಹಳೇ ತಾರೀಖು ಬರೆದಳು.
ಬರೆದ ಮೇಲೆ ಊದಿದಳು, ಲಕೋಟೆಯ ಶಾಯಿ ಆರಿಸುವ ಹಾಗೆ.

ಬೆಳಗ್ಗೆ ತೈಮೂರಾಜ್ ‘ಇದೆ’ ಅಂದ.
ಆ ವಾರ ಸಕ್ಕರೆ ಕೇಳಲು ಅವಳ ಮನೆಗೆ ಹೋದೆ.
ಗೋಡೆಯಲ್ಲಿ ಗುರ್ಗೇನನ ಫೋಟೋ,
ಚೌಕಟ್ಟು ಇತ್ತು, ಗಾಜು ಇರಲಿಲ್ಲ.
ಸತ್ತು ಹನ್ನೆರಡು ವರ್ಷವಾದವನು
ಆ ದಿನ ಮೊದಲ ಸಲ ನಮ್ಮ ಗಾಳಿ ಉಸಿರಾಡುವವನಂತೆ ಕಂಡ.
ಅವಳು ನೋಡಿದಳು. ನಾನು ನೋಡಿದ್ದನ್ನು ನೋಡಿದಳು.
ಸಕ್ಕರೆ ಎರಡು ಚಮಚ ಹೆಚ್ಚೇ ಹಾಕಿದಳು.

ನವೆಂಬರಿನಲ್ಲಿ ಹುಡುಗ ಮತ್ತೆ ಬಂದ.
ತನ್ನದೇ ಅಕ್ಷರದ ಎದುರು ಬಹಳ ಹೊತ್ತು ನಿಂತ.
ಅವನ ಏಳು ಬೋಳು ಏಳು;
ಅರ್ಶಲೂಯ್ಸಳ ಏಳಕ್ಕೆ ನಡುಪಟ್ಟಿ ಇರುತ್ತದೆ,
ಅಂಚೆಯ ಅಭ್ಯಾಸ.
ಅಂಗಳ ಉಸಿರು ಹಿಡಿಯಿತು. ಮುಂದಿನ ಮಾತು ನನಗೆ ಗೊತ್ತಿತ್ತು,
ಗಂಟಲ ತನಕ ಬಂತು, ಹಳೇ ಚಾಳಿ.
ನುಂಗಿದೆ.
ಅವನು ಪುಸ್ತಕದಲ್ಲಿ ಏನೋ ಬರೆದು
‘ಅಲುಗಿಲ್ಲ’ ಅಂದ, ನನ್ನ ಮುಖ ನೋಡದೆ,
ತೈಮೂರಾಜ್ ಕೊಟ್ಟ ಅಕ್ರೋಟನ್ನು ಜೇಬಿಗಿಳಿಸಿ ಹೋದ.

ಈಗ ಚಳಿಗಾಲ. ಬಿರುಕು ಒಂದು ಬೆರಳು ನುಂಗುತ್ತದೆ.
ನಿನ್ನೆ ಬಚ್ಚಲಲ್ಲಿ ಕೂತಿದ್ದಾಗ
ದೇವಕನ್ಯೆಯ ಸೊಟ್ಟ ಬೆರಳಿನಿಂದ ಒಂದಿಷ್ಟು ಸುಣ್ಣ
ಹೆಗಲ ಮೇಲೆ ಉದುರಿತು.
ಎದ್ದು ಹೋಗಿ ನನ್ನ ಗೋಡೆಯ ಫೋಟೋಗಳನ್ನು ಎಣಿಸಿದೆ.
ನಾಲ್ಕು.
ಅಮ್ಮನದು ದೊಡ್ಡದು,
ಅದರಲ್ಲಿ ಎರಡು ಪಟ್ಟಿ ಆಗಬಹುದು.