ಇನ್ನೊಬ್ಬನ ಮಾತಿಗೆ ಬಿಟ್ಟ ಜಾಗ

ಮೊದಲ ಸುರುಳಿ ಬರಲೇ ಇಲ್ಲ, ಹಾಗಾಗಿ
ಆ ಚಿತ್ರದ ಹೆಸರು ಭದ್ರಾವತಿಯಲ್ಲಿ ಯಾರಿಗೂ ಗೊತ್ತಿಲ್ಲ.
ಕ್ಲಬ್ಬಿನ ದೊರೆಗಳು ನಕ್ಕು ಮುಗಿಸಿದ ಡಬ್ಬ
ಭಾನುವಾರ ನಮ್ಮ ಡೇರೆಗೆ ಬಂತು,
ಸೋಮವಾರದ ರೈಲಿಗೆ ವಾಪಸ್ಸು ಹೋಗಬೇಕು.
ನಾನು ಆಗ ಕಾರ್ಬನ್ ಕಡ್ಡಿ ಬದಲಿಸುವ ಹುಡುಗ.

ಇಂಗ್ಲಿಷು ಯಾರಿಗೆ ಬರುತ್ತೆ? ಹಾಲಪ್ಪಶೆಟ್ಟರು
ಬುಡೇನ್ ಸಾಬರನ್ನು ಹಿಡಿದು ತಂದರು:
ಮುರಿದುಬಿದ್ದ ಕಂಪನಿಯ ಹಾಸ್ಯಗಾರ,
ಈಗ ಕಾರ್ಖಾನೆ ಗೇಟಿನಲ್ಲಿ ಬೀಡಿ ಮಾರಾಟ.
'ನನಗೂ ಬರಲ್ಲ.'
'ಬರೋ ಹಂಗೆ ಹೇಳಿ. ಎಂಟಾಣೆ.'

ಪರದೆಯ ಪಕ್ಕ ಕೋಲು ಹಿಡಿದು ನಿಂತರು.
ಲಂಡನ್ನಿನ ಯಾವುದೋ ಹಾಡು ಕುಣಿತದ ನಾಟಕಶಾಲೆ,
ಒಬ್ಬ ಮೀಸೆಯವ, ಒಬ್ಬ ಬೋಳುತಲೆ,
ಇಬ್ಬರಿಗೂ ಒಂದೇ ಟೋಪಿ, ಅದಕ್ಕೇ ಜಗಳ.
'ಸಂಬಳ ಆಗಿಲ್ಲ ಕಣ್ರಪ್ಪ' ಅಂದರು ಸಾಬರು,
'ಮ್ಯಾನೇಜರು ಹಿಂದಿನ ಬಾಗಿಲಿಂದ ಓಡಿದಾನೆ,
ಇವ ಬೀಳೋದು, ಅವ ಒದೆಯೋದು, ಎಲ್ಲಾ ಅದಕ್ಕೇ.'
ತಪ್ಪಿರಲಿಕ್ಕಿಲ್ಲ ಅಂತ ಈಗ ಅನಿಸುತ್ತದೆ.
ಎರಡನೇ ಪಾಳಿಯ ಸೈರನ್ ಕೂಗಿತು.
ಅರ್ಧ ಜನ ಎದ್ದುಹೋದರು, ಅರ್ಧ ಜನ ಮಸಿಮುಖದಲ್ಲೇ ಬಂದು ಕೂತು
ಮೊದಲಿಂದ ಹೇಳಿ ಅಂದರು.

ನಾಲ್ಕನೇ ಸುರುಳಿಯಲ್ಲಿ ಬೋಳುತಲೆ ಇಲ್ಲ.
ಸತ್ತನೋ, ಬೇರೆ ಕಂಪನಿ ಸೇರಿದನೋ.
ಮೀಸೆಯವ ಒಬ್ಬನೇ ರಂಗಕ್ಕೆ ಬಂದ,
ಅದೇ ಟೋಪಿ, ಅದೇ ಜಗಳ. ಒಂದು ಮಾತಾಡಿ
ಅತ್ತ ತಿರುಗಿ ಕಾಯುತ್ತಾನೆ,
ಕಾದು, ಬಾರದ ಮಾತಿಗೆ ಉತ್ತರ ಕೊಡುತ್ತಾನೆ.

ಸಾಬರು ಕೋಲು ಇಳಿಸಿದರು.
'ಹೇಳ್ರೀ, ಏನಂತೆ?' ನೆಲದವರು ಕೂಗಿದರು.
ಹೇಳಲಿಲ್ಲ. ಪರದೆಯವನು ಮತ್ತೆ ಬಿಟ್ಟ ಜಾಗದಲ್ಲಿ
ಒಂದು ಹೆಣ್ಣುದನಿ ಎದ್ದಿತು:
'ಅಯ್ಯೋ ನನ್ನ ಗಂಡನೇ, ಟೋಪಿ ಇಲ್ಲೇ ಇದೆ, ತಲೆ ಎಲ್ಲಿಟ್ಟೆ?'
ಚೌಡಾಚಾರಿಯ ದನಿ ಅದು. ಸ್ತ್ರೀಪಾತ್ರದ ಚೌಡಾಚಾರಿ,
ಹರಿಹರದ ಮೊಕ್ಕಾಮಿನಲ್ಲಿ ಪ್ಲೇಗಿಗೆ ಹೋದವನು.
ಡೇರೆ ಬಿದ್ದು ಬಿದ್ದು ನಕ್ಕಿತು.

ಅಷ್ಟರಲ್ಲಿ ಕಾರ್ಖಾನೆ ಕಿಟ್ಟ ಸುರಿಯಿತು.
ಆಕಾಶ ಕೆಂಪಾಗಿ, ಡೇರೆಯ ಬಟ್ಟೆ ಕೆಂಪಾಗಿ
ಲಂಡನ್ನು ಅಳಿಸಿಹೋಯಿತು.
ಬೆಳಕಲ್ಲಿ ಉಳಿದವರು ಸಾಬರು ಒಬ್ಬರೇ,
ತುಸು ಬಲಕ್ಕೆ ಸರಿದು ನಿಂತು,
ಎಡಗಡೆ ಒಬ್ಬರಾಗುವಷ್ಟು ಜಾಗ.

ಶೆಟ್ಟರು ಎಣಿಸಿಕೊಟ್ಟ ಎಂಟಾಣೆ ನೋಡಿ
'ಇದು ಒಬ್ಬನದೋ, ಇಬ್ಬರದೋ?' ಅಂದರು.
ತಮಾಷೆ ಅಂದುಕೊಂಡು ಶೆಟ್ಟರು ಇನ್ನೊಂದಾಣೆ ಸೇರಿಸಿದರು.
ನಾನು ಸುರುಳಿ ಸುತ್ತುತ್ತಿದ್ದೆ. ಎರಡು ಬೆರಳು ಸುಟ್ಟಿದ್ದವು,
ಕಡ್ಡಿ ಬದಲಿಸುವಾಗ
ನಾನೂ ಆ ಕಡೆಯೇ ನೋಡುತ್ತಿದ್ದೆನಲ್ಲ.