ಕ್ಷಮೆ ಕೋರಿದವರು

ಸಭೆಗೆ ಬಾರದವರನ್ನೇ ಕಾರ್ಯದರ್ಶಿ ಮಾಡುವುದು
ಪೊಲ್‌ವೆರನ್ ದೋಣಿ ಸಂಘದ ಹಳೇ ರೂಢಿಯಂತೆ.
ನನಗಂದು ನೆಗಡಿ.
ಮರುಬೆಳಿಗ್ಗೆ ನನ್ನ ಔಷಧದಂಗಡಿಯ ಗಲ್ಲೆಯ ಮೇಲೆ
ಬಿಸ್ಕತ್ತಿನ ಡಬ್ಬಿಯೊಂದನ್ನಿಟ್ಟು, ಕೆಮ್ಮಿನ ಸಿರಪ್ಪು ಕೊಂಡು,
ಏನೂ ಹೇಳದೆ ಹೋದ ಜೋರಿ ಟ್ರೆಮೇನ್.
ಡಬ್ಬಿಯೊಳಗೆ ಮೂರು ನಡಾವಳಿ ಪುಸ್ತಕ, ಶೆಡ್ಡಿನ ಕೀಲಿಕೈ,
ರಬ್ಬರ್ ಬ್ಯಾಂಡಿನಲ್ಲಿ ಉಸಿರುಗಟ್ಟಿದ ರಸೀದಿಗಳು,
ಒಂದೇ ಒಂದು ಕೈಗವಸು. ಎಡಗೈಯದು.

ಇಸವಿ ಇಪ್ಪತ್ತಾರು. ಶಾಯಿ ಚಹಾದ ಬಣ್ಣಕ್ಕೆ ತಿರುಗಿದೆ.
ಕಾರ್ನ್‌ವಾಲಿನ ತವರದ ಗಣಿ ಮುಚ್ಚಿ ಕೈ ಖಾಲಿಯಾದ ಏಳು ಗಂಡಸರು
ಪಾದ್ರಿಯ ಹಿತ್ತಲಲ್ಲಿ ಬೋರಲು ಬಿದ್ದು
ಕೋಳಿಗೂಡಾಗಿದ್ದ ದೋಣಿಯನ್ನು
ಎರಡು ಪೌಂಡು, ಒಂದು ಹಂದಿಮರಿ ಕೊಟ್ಟು ಬಿಡಿಸಿಕೊಂಡರು.
ಹಿಕ್ಕೆ ಕೆರೆದರು, ಎಲ್ಮ್ ಹಲಗೆಗೆ ಅಗಸೆ ಎಣ್ಣೆ ಉಣಿಸಿದರು,
ಮೂವತ್ತೆರಡು ಅಡಿಯ ಅವಳಿಗೆ 'ಪೇಶನ್ಸ್' ಎಂದು ಹೆಸರಿಟ್ಟರು.
ಹುಟ್ಟಿಗೆ ಆರು, ಚುಕ್ಕಾಣಿಗೆ ಒಂದು:
ನಿಯಮ ಒಂದು, ಏಳು ಜನ ಕೂಡದೆ ದೋಣಿ ಇಳಿಸಕೂಡದು.
ಎರಡು, ಚಾಪೆಲ್ಲಿಗೆ ಕೇಳಿಸುವಷ್ಟು ಹತ್ತಿರದಲ್ಲಿ ಬೈಗುಳ ಕೂಡದು.
ಮೂರು, ಚಹಾ ಹೆಂಗಸರದು.
ಚಂದಾ ತಿಂಗಳಿಗೆ ಆರು ಪೆನ್ಸ್. ಇಲ್ಲದವರ ಹೆಸರಿನ ಮುಂದೆ
'ಬಂಗುಡೆ ನಾಲ್ಕು, ಸಂದಾಯ.'

ನಲವತ್ತರಿಂದ ಆರು ವರ್ಷ ಒಂದೇ ಕೈಬರಹ, ಒಂದೇ ಸಾಲು:
'ಕೋರಂ ಇಲ್ಲ. ಸಭೆ ಮುಂದೂಡಿದೆ.'
ಪ್ರತಿ ತಿಂಗಳ ಮೊದಲ ಮಂಗಳವಾರ
ಡೆಂಜಿಲ್ ಪ್ಯಾಸ್ಕೊ, ಕಾಲು ಸೊಟ್ಟವೆಂದು ಸೈನ್ಯ ಬಿಟ್ಟುಹೋದವನು,
ಕಿಟಕಿಗೆ ಕಪ್ಪು ಬಟ್ಟೆ ಎಳೆದು, ದೀಪ ಹಚ್ಚಿ,
ತಾನೊಬ್ಬನೇ ಇರುವುದನ್ನು ಎಣಿಸಿ, ಬರೆದು,
ದೀಪ ಆರಿಸಿ ಹೋಗುತ್ತಿದ್ದ.
ನಲವತ್ತಾರರಲ್ಲಿ: ಹಾಜರು, ಒಂಬತ್ತು.
'ಬರಲಾಗದೆ ಕ್ಷಮೆ ಕೋರಿದವರು' ಎಂಬಲ್ಲಿ
ಪರ್ಸಿ ಟ್ರೆಗಿಯರ್. ಆರ್ಥರ್ ನ್ಯಾನ್ಸ್.
ಬಂದರಿನ ಕಲ್ಲಿನ ಮೇಲೆ ಕೆತ್ತಿದ ಹೆಸರುಗಳಲ್ಲಿ ಈ ಎರಡೂ ಇವೆ,
ನಿನ್ನೆ ಹೋಗಿ ನೋಡಿದೆ.
ಮುಂದಿನ ತಿಂಗಳೂ ಕ್ಷಮೆ ಕೋರಿದರು. ಅದರ ಮುಂದಿನ ತಿಂಗಳೂ.
ಡೆಂಜಿಲ್ ಇರುವ ತನಕ, ಹನ್ನೆರಡು ವರ್ಷ.

ಎಪ್ಪತ್ತೊಂದು, ಮಾರ್ಚ್: ಹೆಂಗಸರ ಕೈಗೂ ಹುಟ್ಟು ಕೊಡಬೇಕೆಂದು
ಲವ್‌ಡೇ ರೌಸ್ ಟ್ರೇ ಹಿಡಿದೇ ಮಂಡಿಸಿದ ಠರಾವು.
ಪರ ಒಂಬತ್ತು, ವಿರೋಧ ಹನ್ನೊಂದು.
ಏಪ್ರಿಲ್: ಚಹಾ ಇರಲಿಲ್ಲ.
ಮೇ: ಚಹಾ ಇರಲಿಲ್ಲ. ಸಭೆ ಬೇಗ ಮುಗಿಯಿತು.
ಜೂನ್, ಥಂಡಿ, ಮಳೆ: ಠರಾವು ಸರ್ವಾನುಮತದಿಂದ ಅಂಗೀಕಾರ.
ಆ ಪುಟದ ಮೇಲೆ ಕಪ್ಪಿನ ತಳದ ದುಂಡು ಕಲೆ.

ನನ್ನದು ಮೂರನೇ ಹಲಗೆ.
ಮೊದಲ ದಿನ ಆಶ್ ಮರದ ಹುಟ್ಟನ್ನು ಕೈಗಿಟ್ಟು
ನಿಮ್ಮಲ್ಲಿ ಇದಕ್ಕೇನಂತಾರೆ, ಕೇಳಿದ ಜೋರಿ.
ಹುಟ್ಟು, ಎಂದೆ. ಹೆರಿಗೆಮನೆಯಲ್ಲಿ ಆಗುವುದಕ್ಕೂ ಅದೇ.
ಸಂಘವೊಂದನ್ನು ಶುರು ಮಾಡಿದರೆ ಅದೂ ಹುಟ್ಟುಹಾಕುವುದೇ.
ಗೊಂದಲವಾಗುವುದಿಲ್ಲವೇ?
ಅಂಗೈಲಿ ಗುಳ್ಳೆ ಎದ್ದರೆ ಇದು, ಎಂದೆ.
ಮೀನಿನಂಗಡಿ ದಾಟುವವರೆಗೆ ಯೋಚಿಸಿ ಅವನು
ಮೂರಕ್ಕೂ ಏಳುತ್ತೆ, ಎಂದ.

ಇಂದು ಮಂಗಳವಾರ. ಬಂದವರು ಆರೇ. ದೋಣಿ ಇಳಿಸಲಿಲ್ಲ.
ವಿಮೆ ಏರಿದೆ. ಚಾವಣಿ ಸೋರುವ ಜಾಗ ಬದಲಾಗಿದೆ.
ಇನ್ನೊಂದು ಕೀಲಿಕೈ ಮಾಡಿಸಬೇಕೇ ಎಂದು ಮುಕ್ಕಾಲು ಗಂಟೆ ಚರ್ಚಿಸಿ
ಮುಂದಿನ ತಿಂಗಳಿಗೆ ಬಿಟ್ಟೆವು.
ಎಲ್ಲರೂ ಹೋದ ಮೇಲೆ ಬರೆದೆ.
ಕ್ಷಮೆ ಕೋರಿದವರು: ಜೋರಿ ಟ್ರೆಮೇನ್, ಸೊಂಟದ ಶಸ್ತ್ರಚಿಕಿತ್ಸೆ.
ಪೆನ್ನು ಎತ್ತಲಾಗಲಿಲ್ಲ.
ಹೆಸರು ಕೈಬಿಡುವ ಠರಾವು
ಮೂರು ಪುಸ್ತಕ ತಿರುವಿದರೂ ಸಿಕ್ಕಿರಲಿಲ್ಲ:
ಪರ್ಸಿ ಟ್ರೆಗಿಯರ್. ಆರ್ಥರ್ ನ್ಯಾನ್ಸ್.

ಶನಿವಾರ ಉಬ್ಬರ ಬೆಳಿಗ್ಗೆ ಆರೂವರೆಗೆ.
ಏಳನೆಯವರೊಬ್ಬರು ಬೇಕು.
ಬಲಗೈ ಗವಸಿದ್ದರೆ ತನ್ನಿ.